ಆಕಾಶದ ಗಾಡಿಗೆ ಕೈ ಮಾಡಿದವರು

ಬಸ್ಸಿನ ಡ್ರೈವರನೊಬ್ಬನಿಗೆ ರಜೆಯ ದಿನ ತನ್ನ ಮನೆಯ ಕಟ್ಟೆಯ ಮೇಲೆ ನೆರಳಲ್ಲಿ ಕೂತಲ್ಲೇ ಬೆವರು ಕಿತ್ತುಕೊಂಡು ಬರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನನಗೆ ಬರುತ್ತದೆ. ವಾರವಿಡೀ ವಿಜಾಪುರದಿಂದ ಬಬಲೇಶ್ವರ, ಅಲ್ಲಿಂದ ಮಮದಾಪುರ, ನಡುವೆ ಒಂದೆರಡು ದಿನ ತಿಕೋಟಾ ಅಂತ ಓಡಾಡುವಾಗ ನನ್ನ ಹಣೆ ಒಣಗಿಯೇ ಇರುತ್ತದೆ. ಅಡ್ಡ ಬಂದ ಎಮ್ಮೆ, ಬಾಗಿಲಿಗೆ ಜೋತು ಬಿದ್ದ ಹುಡುಗರು, ಮಳೆಗಾಲದ ಕರಿಮಣ್ಣಿನ ಕೆಸರು, ಯಾವುದಕ್ಕೂ ನಾನು ಅಂಜಿದವನಲ್ಲ. ನನ್ನ ಗಾಡಿ ದಾರಿಯಲ್ಲಿ ಕೆಟ್ಟು ನಿಂತದ್ದನ್ನು ಈ ಭಾಗದಲ್ಲಿ ಕಂಡವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಆದರೆ ರವಿವಾರ ಮಧ್ಯಾಹ್ನ ನಾನು ಆಕಾಶದಲ್ಲಿ ಗಾಡಿ ಓಡಿಸುತ್ತೇನೆ. ಅಲ್ಲಿ ರಸ್ತೆಯಿಲ್ಲ, ಮೈಲುಗಲ್ಲಿಲ್ಲ, ಬ್ರೇಕು ಒತ್ತಿದರೆ ಹಿಡಿಯುವುದಕ್ಕೆ ನೆಲವೇ ಇಲ್ಲ. ಬೆವರದೆ ಏನು ಮಾಡಲಿ?

ಇದು ನಮ್ಮ ಅಕ್ಕೋರ ಆಟ. ಇಬ್ರಾಹಿಂಪುರದಲ್ಲಿ ರೇಲ್ವೆ ಹಳಿಯ ಈಚೆ ನಮ್ಮ ಮನೆ, ಗೋಡೆಗೆ ಗೋಡೆ ಹಚ್ಚಿ ಅವರ ಮನೆ. ಹೆಣ್ಣುಮಕ್ಕಳ ಸಾಲಿಯಲ್ಲಿ ವಿಜ್ಞಾನ ಕಲಿಸುತ್ತಾರೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿ ಪೇಪರಿನಲ್ಲಿ ಬಂದಾಗಿನಿಂದ ಅವರ ಕಾಲು ನೆಲದ ಮೇಲೆ ನಿಂತಿಲ್ಲ. ಹುಡುಗಿಯರಿಗೆಂದು ಒಂದು ಆಟ ಕಟ್ಟಿದರು. ಸಾಲಿಗೆ ಒಯ್ಯುವ ಮೊದಲು ನಮ್ಮ ಮೇಲೆ ಪ್ರಯೋಗ ಮಾಡಿದರು. ಫರ್ಸಿಕಲ್ಲಿನ ಮೇಲೆ ಸೀಮೆಸುಣ್ಣದಿಂದ ಚೌಕ ಚೌಕ ಮನೆಗಳನ್ನು ಬರೆಯುತ್ತಾರೆ. ಈ ತುದಿ ಭೂಮಿ, ಆ ತುದಿ ಯಾವುದೋ ನೀಲಿ ಚುಕ್ಕಿ. ನಡುವೆ ನಮ್ಮ ಗಾಡಿ, ಅಂದರೆ ಒಂದು ಬೆಂಕಿಪೆಟ್ಟಿಗೆ. ಬಟ್ಟಲಲ್ಲಿ ಹುಣಸೆಬೀಜ ತುಂಬಿರುತ್ತದೆ, ಅದು ನಾವು ಉಸಿರಾಡುವ ಗಾಳಿ. ಗಾಡಿ ಒಂದು ಮನೆ ಮುಂದೆ ಹೋದರೆ ತಲೆಗೊಂದು ಬೀಜ ಕಳೆಯಿತು. ಪ್ರತಿಯೊಬ್ಬರೂ ಗಾಡಿಯಲ್ಲಿ ಯಾರಾದರೊಬ್ಬರಾಗಬೇಕು. ನಾನು ಗಾಡಿ ಹೊಡೆಯುವವ. ನನ್ನ ಹೆಂಡತಿ ಮಹಬೂಬಿ ಡಾಕ್ಟರು. ಗಾಂಧಿ ಚೌಕದ ಬೆಲ್ಲದ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಗೆಳೆಯ ಗುರಪ್ಪ ಉಗ್ರಾಣದವ. ಅಕ್ಕೋರು ಮಾತ್ರ ಯಾರೂ ಅಲ್ಲ. ಅವರು ನಡೆಯುವುದನ್ನು ಹೇಳುತ್ತಾರೆ, ನಾವು ಏನು ಮಾಡುತ್ತೇವೆಂದು ಕೇಳುತ್ತಾರೆ, ಸಂಶಯ ಬಂದಲ್ಲಿ ಕವಡಿ ಹಾಕಿಸುತ್ತಾರೆ.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಪ್ರಶ್ನೆ ಕೇಳುವವರನ್ನು ಕಂಡರೆ ಅಂದಿನಿಂದಲೂ ಆಗುವುದಿಲ್ಲ. ಸಾಲಿಯ ಪ್ರಶ್ನೆಗಳಿಗೆ ಪುಸ್ತಕದ ಹಿಂದೆ ಉತ್ತರವಾದರೂ ಇರುತ್ತಿತ್ತು. ಅಕ್ಕೋರ ಪ್ರಶ್ನೆಗಳಿಗೆ ಅದೂ ಇಲ್ಲ. ಗುರಪ್ಪನಿಗೆ ಇದೆಲ್ಲ ತಮಾಷೆ. ಮೊದಲ ದಿನವೇ ಅವನು ಕೇಳಿದ್ದು ಇದು:

"ಅಕ್ಕೋರ, ಗಾಳಿ ತೀರಿ ನಾ ಸತ್ತೆ ಅಂತ ತಿಳೀರಿ. ಚಾ ಬಂದಾಗ ನನಗೂ ಒಂದು ಕಪ್ಪ ಸಿಗತೈತೋ ಇಲ್ಲೋ?"

ಅಕ್ಕೋರು ಗಂಭೀರವಾಗಿ ವಿಚಾರ ಮಾಡಿ, "ಸತ್ತವರು ಚಾ ಕುಡೀಬೌದ್ರಿ, ಸಲಹಾ ಕೊಡಬಾರದು," ಅಂದರು.

"ಹಂಗಾರ ನಮ್ಮ ಮನ್ಯಾಗ ನಾ ಎಂದೋ ಸತ್ತೇನಿ ಬಿಡ್ರಿ," ಅಂದ ಗುರಪ್ಪ.

ನಗೆಯ ಮಾತು ಹಾಗಿರಲಿ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಆಟದ ಹೊರಗೂ ಒಂದು ಪ್ರಶ್ನೆ ಕೂತಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಮಹಬೂಬಿಯ ಅಕ್ಕ ಜೈನಾಬಿ ತಿಕೋಟಾದಲ್ಲಿ ಒಬ್ಬಳೇ ಇರುತ್ತಾಳೆ. ಗಂಡ ತೀರಿಕೊಂಡ ಮೇಲೆ ಕೌದಿ ಹೊಲಿದು ಬದುಕಿದವಳು. ನನ್ನ ಮೂರು ಮಕ್ಕಳೂ ಅವಳು ಹೊಲಿದ ಕೌದಿಯ ಕೆಳಗೇ ಮಲಗುತ್ತವೆ. ಅವಳಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ, ಕೊನೆಗೆ ಕ್ಷಯ ಎಂದು ಡಾಕ್ಟರರು ಹೇಳಿದರು. ದಿನಾ ದೊಡ್ಡ ದವಾಖಾನೆಯಲ್ಲಿ ಸೂಜಿ ಹಾಕಿಸಬೇಕು, ತಿಂಗಳುಗಟ್ಟಲೆ. ತಿಕೋಟಾದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಶಕ್ತಿ ಅವಳಲ್ಲಿ ಇಲ್ಲ. ವಿಜಾಪುರದಲ್ಲಿ ಅವಳಿಗೆ ಇರುವ ಮನೆ ನಮ್ಮದೊಂದೇ, ನಮ್ಮ ಮನೆಗೆ ಇರುವ ಕೋಣೆ ಎರಡೇ. ಕರೆದು ತರೋಣವೇ ಎಂದು ಮಹಬೂಬಿ ನನ್ನನ್ನು ಕೇಳಲಿಲ್ಲ. ಕರೆದು ತಾ ಎಂದು ನಾನು ಹೇಳಲಿಲ್ಲ. ಚಿಕ್ಕವನು ಮುಂಜಾನೆ ಸೀನಿದರೆ ಇಬ್ಬರೂ ಅವನ ಮುಖ ನೋಡುತ್ತಿದ್ದೆವು, ಆಮೇಲೆ ಬೇರೆ ಬೇರೆ ಕಡೆ ನೋಡುತ್ತಿದ್ದೆವು.

ಹೀಗಿರುವಾಗ ಒಂದು ರವಿವಾರ ಅಕ್ಕೋರು ಬೆಂಕಿಪೆಟ್ಟಿಗೆಯನ್ನು ಒಂದು ಮನೆ ಮುಂದೆ ಸರಿಸಿ ಹೇಳಿದರು:

"ಡ್ರೈವರಣ್ಣಾರ, ಮುಂದ ಒಂದು ಗಾಡಿ ಕೆಟ್ಟು ನಿಂತೈತ್ರಿ. ಒಳಗ ಒಬ್ಬಾಕಿ ಹೆಣ್ಮಗಳು ಅದಾಳ. ದೀಪಾ ಹಚ್ಚಿ, ಆರಿಸಿ, ಮತ್ತ ಹಚ್ಚಿ ನಿಮ್ಮನ್ನ ಕರಿಯಾಕತ್ತಾಳ. ಆಕಿಗಿ ಒಂದು ಬ್ಯಾನಿ ಐತಿ, ಅದು ಗಾಳ್ಯಾಗ ಹಬ್ಬತೈತಿ. ನಿಮ್ಮ ಗಾಡ್ಯಾಗಿನ ಗಾಳಿ ಎಲ್ಲಾರಿಗೂ ಒಂದ. ಏನ್ ಮಾಡ್ತೀರಿ?"

ಅಕ್ಕೋರಿಗೆ ಜೈನಾಬಿಯ ಸಂಗತಿ ಗೊತ್ತಿರಲಿಲ್ಲ. ಆ ವಾರ ಸಾಲಿಯಲ್ಲಿ ರೋಗಾಣುಗಳ ಪಾಠ ನಡೆದಿತ್ತು, ಅಷ್ಟೇ. ಆದರೆ ನನಗೆ ನನ್ನ ಮನೆಯ ಬಾಗಿಲನ್ನೇ ಯಾರೋ ತಟ್ಟಿದಂತಾಯಿತು. ಗಾಬರಿಯಾದಾಗ ಮನುಷ್ಯ ತನ್ನ ಕಸುಬಿನೊಳಗೆ ಓಡಿಹೋಗುತ್ತಾನೆ. ಮಮದಾಪುರದ ಕೆರೆಯ ಏರಿಯ ಮೇಲೆ ರಸ್ತೆ ಬಲು ಸಣ್ಣದು. ತುಂಬಿದ ಗಾಡಿಯನ್ನು ಅಲ್ಲಿ ನಿಲ್ಲಿಸಬಾರದು. ಬೀಗರೇ ಕೈ ಮಾಡಲಿ, ಸಾಹೇಬರೇ ಕೈ ಮಾಡಲಿ, ನಿಲ್ಲಿಸಬಾರದು. ನಮ್ಮ ಡ್ರೈವರರಲ್ಲಿ ಇದು ನಮಾಜಿನಷ್ಟೇ ಪಕ್ಕಾ. ಆ ಮಾತೇ ಬಾಯಿಗೆ ಬಂತು.

"ಏರಿ ಮ್ಯಾಲೆ ಗಾಡಿ ನಿಂದರಸಬಾರದ್ರಿ," ಅಂದೆ. "ದಾಟಿ ಹೋಗೂಣು."

ಮಹಬೂಬಿಯ ಕೈಯಲ್ಲಿ ಅವಳ ಪಾಲಿನ ಹುಣಸೆಬೀಜಗಳಿದ್ದವು. ಅವನ್ನು ಬಟ್ಟಲಿಗೆ ಸುರಿದು, "ಚಾ ಇಡ್ತೇನಿ," ಎಂದು ಒಳಗೆ ಹೋದಳು. ಚಹಾ ಬರಲೇ ಇಲ್ಲ. ಗುರಪ್ಪ ಬಹಳ ಹೊತ್ತು ಒಳಬಾಗಿಲನ್ನು ನೋಡಿ, "ಇವತ್ತ ಬದುಕಿದ್ದವರಿಗೂ ಚಾ ಇಲ್ಲ," ಎಂದು ಎದ್ದು ಹೋದ.

ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದ್ದು ಮತ್ತೆ ಮತ್ತೆ ತಿರುಗಿ ಬರುತ್ತದೆ, ಎಲ್ಲರಿಗೂ ಗೊತ್ತು. ಅಲ್ಲಿ ಸ್ವಲ್ಪ ಹೊತ್ತಿಗೆ ನಿಂತಾದರೂ ಹೋಗುತ್ತದೆ. ನನ್ನ "ದಾಟಿ ಹೋಗೂಣು" ಆ ವಾರವೆಲ್ಲ ನಮ್ಮ ಎರಡು ಕೋಣೆಗಳಲ್ಲಿ ಸುತ್ತಿತು. ಮಹಬೂಬಿ ರೊಟ್ಟಿ ಬಡಿದಳು, ಬುತ್ತಿ ಕಟ್ಟಿದಳು, ಬುತ್ತಿಯಲ್ಲಿ ಪಲ್ಯ ಇತ್ತು, ಶೇಂಗಾ ಚಟ್ನಿ ಇರಲಿಲ್ಲ. ಅದು ಮರೆತದ್ದಲ್ಲ ಎಂದು ತಿಳಿಯುವಷ್ಟು ವರ್ಷ ನಾವು ಸಂಸಾರ ಮಾಡಿದ್ದೇವೆ. ಅದು ಆಟದ ಮಾತು ಎಂದು ಹೇಳಿಬಿಡಬಹುದಿತ್ತು. ಆದರೆ ಹಾಗೆ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಖರೇ ಮಾತು ಏನು? ನನಗೂ ಗೊತ್ತಿದ್ದರೆ ತಾನೆ! ಆಟದಲ್ಲಿ ಬೆಂಕಿಪೆಟ್ಟಿಗೆಯೊಳಗೆ ಇರುವುದು ಗುರಪ್ಪ ಮತ್ತು ನಾವಿಬ್ಬರು. ಮನೆಯಲ್ಲಿ ಕೌದಿಯ ಕೆಳಗೆ ಮೂವರು ಉಸಿರಾಡುತ್ತಾರೆ. ಅವರನ್ನು ಯಾರೂ ಆಟಕ್ಕೆ ಕರೆದಿರಲಿಲ್ಲ.

ತಡೆಯಲಾರದೆ ವಾರದ ನಡುವೆ ನಳದ ಹತ್ತಿರ ಅಕ್ಕೋರನ್ನು ಹಿಡಿದೆ.

"ಅಕ್ಕೋರ, ಆಟದಾಗ ಒಮ್ಮೆ ಆಡಿದ ಮಾತ ವಾಪಸ್ ತಗೋಬೌದೇನ್ರಿ?"

"ಮಾತು ವಾಪಸ್ ಇಲ್ರಿ. ಬೇಕಾದ್ರ ಗಾಡಿ ವಾಪಸ್ ತಿರಗಸ್ಬೌದು. ಅದಕ್ಕ ಗಾಳಿ ಖರ್ಚಾಗತೈತಿ."

"ಎಷ್ಟು ಖರ್ಚಾಗತೈತ್ರಿ?"

"ಅದನ್ನ ಕವಡಿ ಹೇಳತಾವ."

"ಅಂದ್ರ ಖರ್ಚು ತಿಳಕೊಂಡು ತಿರಗಸೂದೋ, ತಿರಗಿಸಿದ ಮ್ಯಾಲ ಖರ್ಚು ತಿಳಿಯೂದೋ?"

"ತಿರಗಿಸಿದ ಮ್ಯಾಲ," ಅಂದರು ಅಕ್ಕೋರು, ಕೊಡ ಎತ್ತಿಕೊಳ್ಳುತ್ತ. "ಮೊದಲ ತಿಳಿದ್ರ ಅದು ಆಟ ಹ್ಯಾಂಗಾಗತೈತ್ರಿ? ಲೆಕ್ಕ ಆಗತೈತಿ."

ಎಂಥ ಕಾಯ್ದೆ ಇದು! ಎಣ್ಣೆ ಎಷ್ಟಿದೆ ಎಂದು ಕಡ್ಡಿ ಇಳಿಸಿ ನೋಡದೆ ನಾನು ಎಂದೂ ಗಾಡಿ ಹೊರಡಿಸಿದವನಲ್ಲ.

ಮರುದಿನ ಮಮದಾಪುರದ ಪಾಳಿ. ಬಬಲೇಶ್ವರ ಬಿಟ್ಟಾಗಲೇ ಗಾಡಿ ತುಂಬಿತ್ತು. ತುಂಬಿದ ಬಸ್ಸಿನ ಒಂದು ವಿಚಿತ್ರ ನಿಮಗೆ ಹೇಳಬೇಕು. ಕೆಳಗೆ ನಿಂತವನು, "ಒಳಗ ಸರೀರಿ, ಎಷ್ಟೊಂದ ಜಾಗಾ ಐತಿ, ನಾವೂ ಮನಷ್ಯಾರ ಅದೇವಿ," ಎಂದು ಬೊಬ್ಬೆ ಹಾಕುತ್ತಾನೆ. ಹೇಗೋ ನುಗ್ಗಿ ಎರಡು ಮೆಟ್ಟಿಲು ಹತ್ತಿದನೋ, ಹಿಂತಿರುಗಿ ತನ್ನ ಹಿಂದಿನವನಿಗೆ, "ಎಲ್ಲೈತೋ ಜಾಗಾ? ನಡೀಲಿ ಗಾಡಿ!" ಅನ್ನುತ್ತಾನೆ. ಎರಡೇ ಮೆಟ್ಟಿಲಲ್ಲಿ ಮನುಷ್ಯ ಇಷ್ಟು ಬದಲಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂದು ಏರಿಯ ನಟ್ಟನಡುವೆ ಒಬ್ಬ ಮುದುಕಿ ಆಡಿನ ಮರಿಯನ್ನು ಬಗಲಲ್ಲಿ ಹಿಡಿದು ಕೈ ಮಾಡಿದಳು. ನಾನು ನಿಲ್ಲಿಸಲಿಲ್ಲ. ಏರಿ ದಾಟಿ, ಬೇವಿನ ಗಿಡದ ಹತ್ತಿರ ಗಾಡಿಯನ್ನು ಪಕ್ಕಕ್ಕೆ ಹಾಕಿ, ಹಾರ್ನು ಬಾರಿಸಿ ಕಾದೆ. ಯಾವಾಗಲೂ ಹಾಗೇ ಮಾಡುತ್ತೇನೆ. ಒಳಗಿನವರು ಗೊಣಗಿದರು. ಮುದುಕಿ ನಿಧಾನಕ್ಕೆ ನಡೆದು ಬಂದಳು, ಹತ್ತುತ್ತಲೇ, "ಅಲ್ಲೇ ನಿಂದರಸಾಕ ನಿನಗೇನ್ ಧಾಡಿ ಆಗಿತ್ತಲೇ?" ಎಂದು ಬೈದಳು. ಅವಳ ಬೈಗುಳಕ್ಕೆ ನನ್ನ ಮೈಯೆಲ್ಲ ಹಗುರಾಯಿತು. ಯಾಕೆಂದರೆ ನಮ್ಮ ಕಾಯ್ದೆಗೆ ಎರಡು ತುಂಡುಗಳಿವೆ. ಏರಿಯ ಮೇಲೆ ನಿಲ್ಲಿಸಬಾರದು ಎನ್ನುವುದು ಒಂದು. ಏರಿ ದಾಟಿ ಕಾಯಬೇಕು ಎನ್ನುವುದು ಇನ್ನೊಂದು. ಹೆದರಿಕೆಯಲ್ಲಿ ನಾನು ಮೊದಲನೆಯದನ್ನು ಮಾತ್ರ ಆಡಿದ್ದೆ. ನನ್ನ ಹೆಂಡತಿ ಅರ್ಧ ಕಾಯ್ದೆಯನ್ನು ಹಿಡಿದುಕೊಂಡು ವಾರವೆಲ್ಲ ಒಲೆಯ ಮುಂದೆ ಕೂತಿದ್ದಳು.

ರವಿವಾರ ಬಂತು. ಸೀಮೆಸುಣ್ಣದ ಗೆರೆ ಬಿದ್ದವು. ಮಹಬೂಬಿ ಬರುತ್ತಾಳೋ ಇಲ್ಲವೋ ಎನಿಸಿತ್ತು; ಬಂದಳು, ಸೆರಗು ಬಿಗಿದು ಕೂತಳು. ನಾನು ಅವಳ ಕಡೆ ನೋಡದೆ ಅಕ್ಕೋರಿಗೆ ಹೇಳಿದೆ:

"ಗಾಡಿ ತಿರಗಸ್ತೇನ್ರಿ. ಏರಿ ದಾಟಿ ನಿಂದರಸಿ ಆಕಿಗಿ ಕಾಯೂಣು. ನಾ ಹೋದ ವಾರ ಅರ್ಧಾ ಅಷ್ಟ ಹೇಳಿದ್ದೆ."

"ಡಾಕ್ಟರ್ ಏನಂತಾರ?" ಎಂದರು ಅಕ್ಕೋರು.

ನಮ್ಮ ಗಾಡಿಯ ಡಾಕ್ಟರು ಮಹಬೂಬಿ ವಾರದ ಮೇಲೆ ಬಾಯಿ ಬಿಟ್ಟಳು. "ಆಕಿಗಿ ಬಾಗಲದ ಕಡೆ ಜಾಗಾ, ಗಾಳಿ ಆಡೂ ಕಡೆ. ಆಕಿ ತಾಟು, ಲೋಟಾ ಬ್ಯಾರೆ. ಸಣ್ಣವರು ಆಕಿ ಹತ್ರ ಮಲಗಂಗಿಲ್ಲ. ಸೂಜಿಗಿ ನಾ ಕರಕೊಂಡು ಹೋಗ್ತೇನಿ. ಬಟ್ಟಿ ನಾ ಕುದಿಸ್ತೇನಿ." ಎಲ್ಲವನ್ನೂ ಎಂದೋ ಯೋಚಿಸಿ ಇಟ್ಟಿದ್ದಳು. ಕೇಳುವವರಿಗಾಗಿ ಕಾದಿದ್ದಳು.

"ಸಣ್ಣವರು ಯಾರ ಅದಾರವ್ವಾ ಈ ಗಾಡ್ಯಾಗ?" ಎಂದ ಗುರಪ್ಪ.

ನಾನು ಕವಡಿ ಹಾಕಿದೆ. ಎಲ್ಲವೂ ಬೋರಲು ಬಿದ್ದವು, ಆಟದಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ಅಕ್ಕೋರು ಬೆಂಕಿಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿ, ದನಿ ಇಳಿಸಿ, "ಗಾಡಿ ತಿರಗತು. ಆದ್ರ ದೀಪಾ ಕಾಣವಲ್ತು," ಅಂದರು.

ಮಹಬೂಬಿ ನನ್ನ ಮುಖ ನೋಡಿದಳು. ನಾನು ಎದ್ದು ಚಪ್ಪಲಿ ಮೆಟ್ಟಿದೆ.

"ಎಲ್ಲಿಗ್ಯೋ ಇಮಾಮಣ್ಣಾ? ಆಟ ಮುಗಿದಿಲ್ಲಲೋ!" ಎಂದ ಗುರಪ್ಪ.

"ತಿಕೋಟಾಕ್ಕ. ನನ್ನ ಪಾಳಿ ನೀ ಆಡು."

ಇನ್ನೊಬ್ಬನು ಓಡಿಸುವ ಬಸ್ಸಿನಲ್ಲಿ ಕೂರುವುದು ಡ್ರೈವರನಿಗೆ ಶಿಕ್ಷೆ. ತಿರುವು ಬಂದಲ್ಲೆಲ್ಲ ನನ್ನ ಬಲಗಾಲು ಬರಿಯ ತಗಡನ್ನು ಒತ್ತುತ್ತಿತ್ತು. ಬೋರಲು ಬಿದ್ದ ಕವಡಿಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ತಿಕೋಟಾದಲ್ಲಿ ಇಳಿದು ಹೆಚ್ಚುಕಡಿಮೆ ಓಡಿದೆ. ಜೈನಾಬಿ ಹೊಸ್ತಿಲಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದಳು, ತೆಳ್ಳಗೆ, ಮುಖದಲ್ಲಿ ಕಣ್ಣಷ್ಟೇ ಉಳಿದು. ಬಾಗಿಲ ಪಕ್ಕದಲ್ಲಿ ಒಂದು ಗಂಟು ಇತ್ತು.

"ಆಪಾ, ನಡೀರಿ," ಅಂದೆ.

"ಈಗ ಬಂದ್ಯಾ?" ಅಂದಳು. "ಆ ಗಂಟು ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ನನ್ನ ಕೈಯಾಗಿನ ಅಷ್ಟು ಇಷ್ಟು ಶಕ್ತಿನೂ ಹೋತು ನೋಡು."

ಈಗ ಅವಳು ನಮ್ಮ ಕಟ್ಟೆಯ ತುದಿಯಲ್ಲಿ, ಗಾಳಿ ಆಡುವ ಕಡೆ, ಬಾಯಿಗೆ ಸೆರಗು ಹಿಡಿದು ಕೂರುತ್ತಾಳೆ. ಸೂಜಿ ನಡೆದಿದೆ. ನನ್ನ ಅಂಜಿಕೆ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮುಂಜಾನೆ ಕೆಲಸಕ್ಕೆ ಹೊರಡುವ ಮೊದಲು ಮೂರು ಎದೆಗಳ ಮೇಲೂ ಕೈ ಇಟ್ಟು ನೋಡಿಯೇ ಹೊರಡುತ್ತೇನೆ. ಖರ್ಚು ಎಷ್ಟು ಎಂದು ಕವಡಿ ಇನ್ನೂ ಹೇಳಿಲ್ಲ. ಆಟದಲ್ಲಿ ಅವಳಿಗೂ ಒಂದು ಪಾತ್ರ ಬೇಕಾಯಿತು. ಅಕ್ಕೋರು ಆಕಾಶದ ಗಾಡಿಗೆ ಕಂಡಕ್ಟರನ ಹುದ್ದೆ ಸೃಷ್ಟಿಸಿದರು. ಗಾಳಿ ಸಾಲದೆ ಹೋದರೆ ಎಂದು ಅವರು ಚಿಂತೆ ಮಾಡಿದಾಗ ಗುರಪ್ಪ, "ನಾ ಸ್ವಲ್ಪ ಕಡಿಮಿ ಉಸರಾಡ್ತೇನಿ ತಗೋರಿ," ಅಂದ.

ಕಳೆದ ವಾರ ಅಕ್ಕೋರು ಮತ್ತೊಂದು ಪ್ರಶ್ನೆ ತಂದರು. ಬರಿದಾದ ಒಂದು ಚುಕ್ಕಿಯ ಮೇಲೆ ಒಬ್ಬ ಮನುಷ್ಯ ಒಂಟಿಯಾಗಿ ನಿಂತು ಕೈ ಮಾಡುತ್ತಿದ್ದಾನೆ, ಏನು ಮಾಡುತ್ತೀರಿ? ನಾವೆಲ್ಲ ಬಾಯಿ ತೆರೆಯುವ ಮೊದಲೇ ಕಂಡಕ್ಟರ್ ಜೈನಾಬಿಯ ದನಿ ಎದ್ದಿತು:

"ಎಲ್ಲೈತ್ರಿ ಜಾಗಾ? ಹಿಂದ ಖಾಲಿ ಗಾಡಿ ಬರಾಕತ್ತೈತಿ, ಅದಕ್ಕ ಬಾ ಅನ್ರಿ! ನಡೀಲಿ, ನಡೀಲಿ!"

ಗುರಪ್ಪ ನಕ್ಕು ಫರ್ಸಿಯ ಮೇಲೆ ಉರುಳಿದ. ಮಹಬೂಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜೈನಾಬಿಗೂ ನಗೆ ಬಂತು, ನಗೆಯ ಹಿಂದೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಎಲ್ಲರ ಕಣ್ಣೂ ಅವಳ ಮುಖದ ಮೇಲೇ ಇದ್ದವು. ಅವಳು ಬಾಯಿ ಒರೆಸಿಕೊಂಡು ನಮ್ಮನ್ನು ನೋಡಿದಳು.

"ನನ್ನ ಮಾರಿ ಏನ್ ನೋಡ್ತೀರಿ? ಗಾಡಿ ನೋಡ್ರಿ."

ನಾನು ಬೆಂಕಿಪೆಟ್ಟಿಗೆಯನ್ನು ಒಂದು ಮನೆ ಮುಂದೆ ಸರಿಸಿ, ಪಕ್ಕಕ್ಕೆ ಹಾಕಿ, ಬಾಯಿಂದಲೇ ಹಾರ್ನು ಬಾರಿಸಿದೆ.