ರೈಟರು ಹಗ್ಗದಾಚೆ ನಿಂತ ಮಧ್ಯಾಹ್ನ

ನನ್ನಿಂದ ಡಿಗ್ರಿ ಆಗುವುದೇ ಇಲ್ಲ ಎಂದವರು ನಮ್ಮೂರ ಮೇಲಿನ ಕಾಫಿ ಎಸ್ಟೇಟಿನ ರೈಟರು. ಆಳುಗಳ ಹಾಜರಿ ಹಿಡಿಯುವುದು, ಸಂಜೆ ಹಣ್ಣು ತೂಗಿಸುವುದು ಅವರ ಕೆಲಸ. ನಾನು ಪಿಯುಸಿ ಮುಗಿಸಿ ಸಕಲೇಶಪುರದಲ್ಲಿ ಬಿ.ಎಸ್ಸಿ. ಸೇರಿದ ವಾರ, ತೋಟದಲ್ಲಿ ಕಳೆ ತೆಗೆಯುತ್ತಿದ್ದ ಅವ್ವನಿಗೆ ಎಲ್ಲರೆದುರು ಹೇಳಿದರಂತೆ:

"ನಿನ್ ಮಗ್ಳು ಡಿಗ್ರಿ ಮುಗಿಸ್ಲಿ ಕಣಮ್ಮ, ಅವತ್ತಿಂದ ನಾನು ಕಾಫಿ ಕುಡ್ಯೋದೇ ಬುಟ್ಬುಡ್ತೀನಿ. ಓದಿ ಏನ್ ರಾಕೆಟ್ ಬುಡ್ತಾಳಾ ಅವ್ಳು?"

ಆಳುಗಳು ನಕ್ಕರು. ಅವ್ವನೂ ನಕ್ಕಳು, ನಗದಿದ್ದರೆ ಮಾರನೇ ದಿನ ಕೆಲಸವಿರುತ್ತಿರಲಿಲ್ಲ. ಮನೆಗೆ ಬಂದು ನನಗೂ ತಮಾಷೆಯೆಂಬಂತೆಯೇ ಹೇಳಿದಳು. ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಇವತ್ತಿಗೂ ತೆಗೆದುಕೊಂಡಿಲ್ಲ.

ಅವರ ಮೇಲೆ ನನಗೆ ಇದಕ್ಕಿಂತ ಹಳೆಯ ಸಿಟ್ಟೊಂದಿತ್ತು. ಕೊಯ್ಲಿನ ಕಾಲದಲ್ಲಿ ಕಾಫಿ ಒಣಗಿಸುವ ಕಣದ ಮೇಲೆ ಸಂಜೆ ತೂಕ ನಡೆಯುತ್ತಿತ್ತು. ಕಣಕ್ಕೆ ಅಡ್ಡಲಾಗಿ ರೈಟರು ಒಂದು ಸುಣ್ಣದ ಗೆರೆ ಎಳೆಸಿದ್ದರು. ಹೆಸರು ಕೂಗುವವರೆಗೆ ಹೆಂಗಸರು ಅದರಾಚೆ ನಿಲ್ಲಬೇಕು. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ, ಸ್ಕೂಲಿನಿಂದ ಓಡಿ ಬಂದವಳು ನೋಡದೆ ಆ ಗೆರೆ ದಾಟಿಬಿಟ್ಟೆ. ರೈಟರು ಅವ್ವನ ಹೆಸರನ್ನು ಕೊನೆಗೆ ಹಾಕಿದರು. ಒಬ್ಬೊಬ್ಬರೇ ತೂಗಿಸಿಕೊಂಡು ಹೋದರು. ಅವ್ವ ತಲೆಯ ಮೇಲಿನ ಚೀಲ ಇಳಿಸಲು ಹೋದಾಗ, "ಇಳಿಸ್ಬ್ಯಾಡ. ಗೆರೆ ಅಂದ್ರೆ ಏನು ಅಂತ ನಿನ್ ಮಗ್ಳಿಗೆ ಗೊತ್ತಾಗ್ಲಿ" ಎಂದರು. ಎಲ್ಲರೂ ಹೋದ ಮೇಲೂ ಕಣದಂಚಿನ ಸ್ಟೋರಿನ ಮೆಟ್ಟಿಲ ಪಕ್ಕ ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಕಾಫಿ ಕುಡಿದರು. ಲೋಟ ಖಾಲಿಯಾದ ಮೇಲೆ ಅವ್ವನ ಹೆಸರು ಕೂಗಿದರು.

"ಬುಡವ್ವ, ಅವ್ನ ಪಾಡಿಗೆ ಅವ್ನಿರ್ಲಿ" ಎಂದಳು ಅವ್ವ, ದಾರಿಯಲ್ಲಿ. ಆಮೇಲೂ ಎಷ್ಟೋ ಸಲ ಇದನ್ನೇ ಹೇಳಿದಳು. ನಾನು ಬಿಡಲಿಲ್ಲ.

ಕೊನೇ ವರ್ಷ ಭೌತಶಾಸ್ತ್ರದ ಮೇಷ್ಟ್ರು ಪ್ರಾಜೆಕ್ಟಿನ ವಿಷಯಗಳನ್ನು ಓದಿ ಹೇಳಿದರು. ರಾಕೆಟ್ ಉಡಾವಣೆಯ ಅಪಾಯಗಳು ಎಂಬುದೊಂದು ಅದರಲ್ಲಿತ್ತು. ಬರೆದುಕೊಟ್ಟರೆ ಸಾಲದು, ಹೊರಗಿನಿಂದ ಬರುವ ಪರೀಕ್ಷಕರ ಎದುರು ಮಾದರಿಯೊಂದನ್ನು ಹಾರಿಸಿ ತೋರಿಸಬೇಕು. ಹಾಗಾಗಿ ಅದನ್ನು ಯಾರೂ ಮುಟ್ಟಲಿಲ್ಲ. ನಾನು ಕೈ ಎತ್ತಿದೆ. ಹಾರದಿದ್ದರೆ ನಾನು ಫೇಲು, ಇನ್ನೊಂದು ವರ್ಷ ಓದಬೇಕು. ಇನ್ನೊಂದು ವರ್ಷ ತಡೆಯುವಷ್ಟು ಅವ್ವನ ಸೊಂಟ ಗಟ್ಟಿಯಿರಲಿಲ್ಲ. ಅದು ಗೊತ್ತಿದ್ದೇ ಎತ್ತಿದೆ.

ನನ್ನದು ನೀರಿನ ರಾಕೆಟ್. ಪ್ಲಾಸ್ಟಿಕ್ ಬಾಟಲಿಗೆ ಒಂದಿಷ್ಟು ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ, ಬಾಯಿಯ ಬಿರಡೆಯ ಹಗ್ಗ ಎಳೆದರೆ ನೀರು ಕೆಳಕ್ಕೆ ಚಿಮ್ಮಿ ಬಾಟಲಿ ಮೇಲೇಳುತ್ತದೆ. ಹೇಳುವುದಕ್ಕೆ ಇಷ್ಟೇ. ಮೊದಲನೆಯದು ಏಳಲೇ ಇಲ್ಲ. ಹವಾಯಿ ಚಪ್ಪಲಿಯಿಂದ ಕತ್ತರಿಸಿ ಹಾಕಿದ್ದ ರಬ್ಬರಿನ ಪಕ್ಕದಿಂದ ಗಾಳಿ ಸೋರಿಹೋಯಿತು. ಎರಡನೆಯದು ಅಡ್ಡ ಮಲಗಿ ಎಮ್ಮೆ ಕೊಟ್ಟಿಗೆಗೆ ನುಗ್ಗಿತು, ಎಮ್ಮೆ ಅವತ್ತು ಹಾಲು ಕೊಡಲಿಲ್ಲ. ಇನ್ನೊಂದು ನನ್ನ ಕಿವಿಯ ಹತ್ತಿರವೇ ಒಡೆಯಿತು. ನಿಜವಾದ ರಾಕೆಟ್ಟೂ ಒಂದು ಸಣ್ಣ ರಬ್ಬರ್ ಬಳೆ ಕೈಕೊಟ್ಟರೆ ಮುಗಿಯಿತು, ಒಳಗಿದ್ದವರು ಸುಟ್ಟು ಹೋಗುತ್ತಾರೆ ಎಂದು ಲೈಬ್ರರಿಯಲ್ಲಿ ಓದಿದ್ದೆ. ಓದಿದ್ದು ಅರ್ಥವಾದದ್ದು ಆ ಸದ್ದು ಕೇಳಿದ ಮೇಲೆ.

ಗಾಳಿಯ ಬುದ್ಧಿಯೂ ನಮ್ಮ ಇಳಿಜಾರು ರಾಗಿ ಹೊಲದಲ್ಲೇ ತಿಳಿಯಿತು. ಬಾಲಕ್ಕೆ ರೆಕ್ಕೆ ಕಟ್ಟಿದ ರಾಕೆಟ್ಟನ್ನು ಗಾಳಿ ತಳ್ಳಿಕೊಂಡು ಹೋಗುತ್ತದೆ ಅಂದುಕೊಂಡಿದ್ದೆ. ಆದರೆ ಅದು ಗಾಳಿ ಬಂದ ಕಡೆಗೇ ಮೂತಿ ತಿರುಗಿಸಿ ಏರುತ್ತದೆ.

ನಮ್ಮ ಸೀಮೆಯಲ್ಲಿ ರಾಕೆಟ್ ಹಾರಿಸಲು ಮೊದಲು ಸಿಗದೇ ಇರುವುದು ಮಟ್ಟಸವಾದ ನೆಲ. ಕಾಲೇಜಿನ ಬಯಲಿನ ಮೇಲೆ ಕರೆಂಟಿನ ತಂತಿ, ಸುತ್ತ ಮನೆಗಳು. ಉಳಿದದ್ದೆಲ್ಲ ಏರು ಇಳಿಜಾರು. "ಎಲ್ಲಾದ್ರೂ ಜಾಗ ಗೊತ್ತೇನಮ್ಮ?" ಎಂದು ಮೇಷ್ಟ್ರು ಕೇಳಿದರು. ಎಸ್ಟೇಟಿನ ಕಣ ಇದೆ ಸಾರ್, ಏಪ್ರಿಲ್‌ನಲ್ಲಿ ಖಾಲಿ ಇರುತ್ತದೆ ಎಂದೆ. ಬೇರೆ ಜಾಗ ಹುಡುಕಬಹುದಿತ್ತೋ ಏನೋ. ನಾನು ಹುಡುಕಲಿಲ್ಲ. ಮೇಷ್ಟ್ರು ಹೋಗಿ ಕೇಳಿದರು, ಎಸ್ಟೇಟಿನ ಒಡೆಯರಾದ ಸಾವ್ಕಾರರು ಒಪ್ಪಿದರು.

ಅದು ಕಾಫಿ ಗಿಡ ಹೂ ಬಿಡಿಸುವ ಹೂಮಳೆಯ ಕಾಲ. ಮಧ್ಯಾಹ್ನವಾದರೆ ಘಾಟಿಯ ಕಡೆಯಿಂದ ಮೋಡ, ಗುಡುಗು. ಬೆಳಿಗ್ಗೆಯೇ ಹಾರಿಸಬೇಕೆಂದಿದ್ದೆ. ಪರೀಕ್ಷಕರು ಬಂದದ್ದು ತಡವಾಗಿ, ಬಂದವರಿಗೆ ಸಾವ್ಕಾರರ ಬಂಗಲೆಯಲ್ಲಿ ಊಟ. ಎಲ್ಲರೂ ಕಣಕ್ಕೆ ಬರುವಾಗ ಘಾಟಿಯ ಮೇಲೆ ಕಪ್ಪಾಗಿತ್ತು, ಗಾಳಿ ಶುರುವಾಗಿತ್ತು. ನಾನು ಕಣದ ಸುತ್ತ ಹಗ್ಗ ಕಟ್ಟಿದ್ದೆ. ಸಾವ್ಕಾರರು, ಪರೀಕ್ಷಕರು, ಲೈನುಮನೆಗಳ ಆಳುಗಳು, ಅವ್ವ, ಎಲ್ಲರೂ ಹಗ್ಗದಾಚೆ ನಿಂತರು. ರೈಟರು ಮಾತ್ರ ಒಳಗೆ, ಸ್ಟೋರಿನ ಮೆಟ್ಟಿಲ ಪಕ್ಕ, ಅದೇ ಕುರ್ಚಿಯಲ್ಲಿ. ಗಾಳಿ ಬರುತ್ತಿದ್ದದ್ದು ಸರಿಯಾಗಿ ಆ ಕಡೆಯಿಂದ.

ಬಾಟಲಿಗೆ ಗಾಳಿ ಒತ್ತಿಯಾಗಿತ್ತು, ಬಿರಡೆಯ ಹಗ್ಗ ಕೈಯಲ್ಲಿತ್ತು; ಎಳೆದುಬಿಡೋಣ ಅನ್ನಿಸಿತು. ಆ ಆಸೆ ಎಷ್ಟು ಸಿಹಿಯಾಗಿತ್ತೆಂದು ಇಲ್ಲಿ ಬರೆಯಲು ನನಗೆ ನಾಚಿಕೆಯಿಲ್ಲ. ಆದರೆ ಅದಕ್ಕಿಂತ ಒಳ್ಳೆಯದೊಂದು ಹೊಳೆಯಿತು.

"ರೈಟರೇ, ಹಗ್ಗದಾಚೆ ಹೋಗಿ" ಎಂದೆ.

"ಬಾಟ್ಲಿ ಹಾರ್ಸೋಕೆ ಇಷ್ಟೆಲ್ಲಾ ಗಾಂಚಾಲಿ ಯಾಕೆ? ಎಳಿಯೇ ಸುಮ್ನೆ."

ನಾನು ಬಿರಡೆಯ ಹಗ್ಗ ಕೆಳಗಿಟ್ಟು, ಬಾಟಲಿಯ ಗಾಳಿ ಬಿಟ್ಟುಬಿಟ್ಟೆ. ಅದು ಬುಸ್ಸೆಂದಿತು. ಮೇಷ್ಟ್ರು ಹತ್ತಿರ ಬಂದು, "ಮಳೆ ಬಂದ್ರೆ ನಿನ್ನ ಮಾರ್ಕ್ಸ್ ಹೋಗುತ್ತಮ್ಮ" ಎಂದು ಪಿಸುಗುಟ್ಟಿದರು. ಪರೀಕ್ಷಕರು ಗಡಿಯಾರ ನೋಡಿ, ಯಾಕೆ ನಿಲ್ಲಿಸಿದೆ ಎಂದರು. ನಿಜವಾದ ಉಡಾವಣೆಯಲ್ಲಿ ಕೆಳಗಿನ ಸಮುದ್ರದಲ್ಲಿ ಒಂದು ಮೀನಿನ ದೋಣಿ ಕಂಡರೂ ನಿಲ್ಲಿಸುತ್ತಾರೆ ಸಾರ್, ಎಷ್ಟು ದೊಡ್ಡವರು ಕಾದಿದ್ದರೂ ನಿಲ್ಲಿಸುತ್ತಾರೆ, ಎಂದೆ. ಮೊದಲ ಹನಿ ನನ್ನ ಕೈ ಮೇಲೆ ಬಿತ್ತು.

"ನನ್ ಕಣದಾಗೆ ನಂಗೇ ಹೇಳ್ತೀಯೇನೇ?" ಎಂದರು ರೈಟರು.

ಆಗ ಸಾವ್ಕಾರರು ಬಾಯಿ ಬಿಟ್ಟರು. "ಯಾರ್ ಕಣ ಮಾರಾಯ? ಎದ್ದು ಆ ಕಡೆ ಹೋಗು. ಹುಡ್ಗಿ ಹೇಳಿದ್ದು ಕೇಳುಸ್ಲಿಲ್ವಾ?"

ಹೆಂಗಸರ ಗುಂಪಿನಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು ನಗುವೆಂದು ಎಲ್ಲರಿಗೂ ಗೊತ್ತಾಯಿತು. ರೈಟರು ಎದ್ದು, ಬಗ್ಗಿ ಹಗ್ಗ ದಾಟಿ, ಆಳುಗಳ ನಡುವೆ ಅವ್ವನ ಪಕ್ಕದಲ್ಲಿ ನಿಂತರು.

"ಇನ್ನೂ ಸ್ವಲ್ಪ ಹಿಂದೆ" ಎಂದೆ. ಹೋದರು. "ಇನ್ನೂ." ಮತ್ತೆ ಹೋದರು. ಅಷ್ಟು ದೂರ ಬೇಕಿರಲಿಲ್ಲ.

ಮತ್ತೆ ಪಂಪು ಒತ್ತಿ ಎಳೆದೆ. ಬಾಟಲಿ ಸ್ಟೋರಿನ ಹೆಂಚಿಗಿಂತ ಮೇಲೆ, ಸಿಲ್ವರ್ ಓಕ್ ಮರಗಳ ತುದಿಗಿಂತ ಮೇಲೆ ಹೋಯಿತು. ಹೋಗುತ್ತಾ ಗಾಳಿ ಬಂದ ಕಡೆಗೆ ಮೂತಿ ತಿರುಗಿಸಿತು. ಇಳಿದು ಬಂದು ಖಾಲಿ ಕುರ್ಚಿಯ ಬೆತ್ತಕ್ಕೆ ಬಡಿದು, ಅದನ್ನು ಹರಿದು, ಅಲ್ಲೇ ಸಿಕ್ಕಿಕೊಂಡಿತು. ಮಳೆ ಜೋರಾಯಿತು. ಎಲ್ಲರೂ ಸ್ಟೋರಿಗೆ ಓಡಿದರು. ಪರೀಕ್ಷಕರು ಮಾತ್ರ ನೆನೆಯುತ್ತಲೇ ಕುರ್ಚಿ ನೋಡಿ, ಆಮೇಲೆ ರೈಟರ ಮುಖ ನೋಡಿ, "ನಿಲ್ಲಿಸಿದ್ದಕ್ಕೇ ನಿನಗೆ ಮಾರ್ಕ್ಸ್ ಕೊಡ್ತೀನಮ್ಮ" ಎಂದರು. ರೈಟರ ತಲೆ ಉಳಿಸಿದವಳು ನಾನು ಎಂಬುದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಅವರಿಗೂ. ಇದಕ್ಕಿಂತ ದೊಡ್ಡ ಏಟು ಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಪಾಸಾದೆ. ಡಿಗ್ರಿ ಸರ್ಟಿಫಿಕೇಟು ಬಂದಿದೆ ಎಂದು ಕಾಲೇಜಿನಿಂದ ತಿಳಿದಾಗ ಅವ್ವನನ್ನೂ ಕರೆದುಕೊಂಡು ಹೋದೆ. ಆಫೀಸಿನವರು ಅದನ್ನು ನನ್ನತ್ತ ಚಾಚಿದರು. ಅವ್ವನ ಕೈಗೆ ಕೊಡಿ ಎಂದೆ. ಅವಳಿಗೆ ಓದಲು ಬಾರದು. ಮುಂದೆ ನೋಡಿದಳು, ತಿರುಗಿಸಿ ಹಿಂದೆಯೂ ಏನಾದರೂ ಇದೆಯಾ ಎಂದು ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು:

"ಬಸ್ಸು ಒಂದ್ ಸ್ಟಾಪ್ ಮುಂಚೆ ಇಳ್ಕಳನ ಕಣವ್ವ. ರೈಟ್ರು ಮನೆ ಮುಂದ್ಲಾಸಿ ನಡ್ಕಂಡ್ ಹೋಗನ. ಈ ಹೊತ್ನಾಗೆ ಜಗ್ಲಿ ಮ್ಯಾಲೆ ಕೂತ್ಕಂಡು ಕಾಫಿ ಕುಡೀತಾ ಇರ್ತಾನೆ."