ಕೊಟ್ಟುಬಿಟ್ಟ ಕತ್ತರಿ

ಆಪರೇಷನ್ನಿನ ಹಿಂದಿನ ದಿನ ದರ್ಜಿ ತನ್ನ ಕತ್ತರಿಯನ್ನು ತಮ್ಮನಿಗೆ ಕೊಟ್ಟುಬಿಟ್ಟ. ಅಂಗಡಿ ಇಬ್ಬರದೂ ಹೌದು, ಆದರೆ ಬಟ್ಟೆಗೆ ಕತ್ತರಿ ಹಾಕುವವನೇ ಯಜಮಾನ, ಉಳಿದವರೆಲ್ಲ ಹೊಲಿಯುವವರು. ವರ್ಷಗಟ್ಟಲೆ ಅದನ್ನು ಮುಟ್ಟಲು ಹೋಗಿ ಬೈಸಿಕೊಂಡಿದ್ದ ತಮ್ಮನ ಕೈಯಲ್ಲಿ ಅಣ್ಣನೇ ಇಟ್ಟು, "ಇನ್ಮೇಲೆ ನಿಂದೇ ಕಣೋ" ಎಂದಾಗ ಇಬ್ಬರೂ ಅತ್ತರು. ಸಾಯುವವನ ಕೈ ಬಲು ಧಾರಾಳ.

ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಹಳೆಯ ಸೈಕಲ್ ಟ್ಯೂಬಿನಂತೆ ಒಂದು ಕಡೆ ಉಬ್ಬಿಕೊಂಡಿತ್ತು. ಒಡೆದರೆ ಕಥೆ ಮುಗಿಯಿತು. ಹೊಟ್ಟೆ ಕೊಯ್ಯುವುದಿಲ್ಲ, ಎರಡೂ ತೊಡೆಸಂದಿಯಲ್ಲಿ ಸಣ್ಣ ತೂತು ಮಾಡಿ ನಾಳದೊಳಗೆ ಬಟ್ಟೆಯ ಕೊಳವೆ ಕೂರಿಸುತ್ತೇವೆ ಎಂದಿದ್ದರು ಡಾಕ್ಟರು.

"ಲೈನಿಂಗ್ ಕೊಟ್ಟ ಹಾಗೆ," ಎಂದ ದರ್ಜಿ. "ಯಾವ ಬಟ್ಟೆ ಸಾರ್?"

"ಪಾಲಿಯೆಸ್ಟರ್."

ಜೀವಮಾನವಿಡೀ ಗಿರಾಕಿಗಳೆದುರು ಪಾಲಿಯೆಸ್ಟರನ್ನು ಹೀಗಳೆದವನಿಗೆ ಇದಕ್ಕಿಂತ ಅವಮಾನ ಬೇಕೇ? "ನೀರಿಗೆ ಬಿದ್ರೆ ಕುಗ್ಗುತ್ತಾ?"

"ಕುಗ್ಗಲ್ಲ. ಜಾರಬಹುದು, ಪಕ್ಕದಲ್ಲಿ ಸೋರಬಹುದು. ಅದಕ್ಕೇ ವರ್ಷ ವರ್ಷ ಸ್ಕ್ಯಾನ್."

ಅಷ್ಟು ಕೇಳಿದ್ದೇ ತಡ, ಸಾವು ಖಾತ್ರಿ ಎಂದುಕೊಂಡು ದರ್ಜಿ ಕತ್ತರಿ ದಾನ ಮಾಡಿದ್ದ.

ಸಾಯಲಿಲ್ಲ. ಕೆಲವೇ ದಿನಗಳಲ್ಲಿ ಮನೆಗೆ ಬಂದ. ನೋಡಲು ಬಂದವರಿಗೆ ತೋರಿಸಲು ನೆಟ್ಟಗೆ ಒಂದು ಗಾಯವೂ ಇರಲಿಲ್ಲ. ಇದ್ದ ಎರಡು ತೂತುಗಳು ನಾಲ್ಕು ಜನಕ್ಕೆ ತೋರಿಸುವ ಜಾಗದಲ್ಲಿರಲಿಲ್ಲ. ನಮ್ಮಂಥವರು ಹಲ್ಲು ಕೀಳಿಸಿಕೊಂಡರೂ ವಾರವಿಡೀ ಕಥೆ ಹೇಳುತ್ತೇವೆ. ಅವನು ಏನೂ ಹೇಳಲಿಲ್ಲ. ಬದುಕಿದ್ದಕ್ಕೆ ಖುಷಿಯಾಗಬೇಕಿತ್ತು, ಆಗಲಿಲ್ಲ. ದುಃಖವೂ ಇರಲಿಲ್ಲ. ಬಡಿಸಿದರೆ ಉಂಡ, ಕೇಳಿದರೆ ಹೂಂ ಅಂದ. ಅಂಗಡಿಗೆ ಹೋಗಿ ಗಿರಾಕಿಗಳ ಬೆಂಚಿನಲ್ಲಿ ಕೂತು ಬರುತ್ತಿದ್ದ. ಹೊಸಬರು ಇವನನ್ನೂ ಗಿರಾಕಿಯೆಂದುಕೊಂಡು, "ನಿಮ್ದೂ ಇನ್ನೂ ಆಗಿಲ್ವಾ?" ಎಂದು ಮರುಗುತ್ತಿದ್ದರು.

ವರ್ಷದ ಸ್ಕ್ಯಾನ್ ಆಯಿತು. ಉಬ್ಬು ಇಳಿದಿದೆ, ಬಟ್ಟೆ ಇದ್ದಲ್ಲೇ ಇದೆ. "ಸದ್ಯಕ್ಕೆ ಇದರ ಭಯ ಇಲ್ಲ, ಹೋಗಿ ಕೆಲಸ ಮಾಡಿ," ಎಂದರು ಡಾಕ್ಟರು.

ಆಸ್ಪತ್ರೆಯ ಮೆಟ್ಟಿಲಲ್ಲೇ ಹೆಂಡತಿ ಶುರುಮಾಡಿದಳು. "ಕತ್ತರಿ ಈಸ್ಕೊಳ್ಳಿ."

"ಕೊಟ್ಟಿದ್ದನ್ನ ಹೇಗೆ ಕೇಳೋದು?"

"ಸಾಯ್ತೀನಿ ಅಂತ ಕೊಟ್ರಿ. ಸತ್ರಾ? ಬೆಂಚು ಕಾಯೋಕಾ ನಿಮ್ಮನ್ನ ಉಳಿಸ್ಕೊಂಡಿದ್ದು?"

ಅಂಗಡಿಯಲ್ಲಿ ತಮ್ಮನು ಮೇಜಿನ ಮೇಲೆ ಪ್ಯಾಂಟಿನ ಬಟ್ಟೆ ಹಾಸಿ ಗೆರೆ ಎಳೆಯುತ್ತಿದ್ದ.

"ಆ ಕತ್ತರಿ..." ಎಂದ ದರ್ಜಿ.

ತಮ್ಮ ತಲೆಯೆತ್ತದೆ ಅದನ್ನು ಮುಂದೆ ಸರಿಸಿದ. ದರ್ಜಿ ಹೆಬ್ಬೆರಳು ತೂರಿಸಿದರೆ ಹಿಡಿಯ ಉಂಗುರ ಲೊಡಲೊಡ. ತಮ್ಮನದು ದಪ್ಪ ಹೆಬ್ಬೆರಳು; ಅರ ಹಾಕಿಸಿ ಅಗಲ ಮಾಡಿಸಿಕೊಂಡಿದ್ದ.

"ನೀನು ಆಸ್ಪತ್ರೆಯಿಂದ ವಾಪಸ್ ಬರಲ್ಲ ಅಂದ್ಕೊಂಡೆ ಅಣ್ಣ."

"ನಾನೂ ಹಾಗೇ ಅಂದ್ಕೊಂಡಿದ್ದೆ."

ದರ್ಜಿ ಒಂದು ಚೂರು ಬಟ್ಟೆ ಕತ್ತರಿಸಿ ನೋಡಿದ. ಅಲುಗು ಗೆರೆ ಬಿಟ್ಟು ಓಡಿತು. ಕೋಪ ಬರಬಹುದೆಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಕತ್ತರಿಯನ್ನು ತಮ್ಮನ ಕಡೆಗೇ ಚಾಚಿದ.

ಮನೆಯ ಬಾಗಿಲಲ್ಲೇ ಹೆಂಡತಿ ಕೇಳಿದಳು, "ಈಸ್ಕೊಂಡ್ರಾ?"

"ಇಲ್ಲ."

"ಏನಂದ?"

"ನಾಳೆ ಬೇಗ ಬಾ ಅಂದ. ಗುಂಡಿ ಕಾಜಾ ಹೊಲಿಯೋಕೆ ಆಳು ಸಿಕ್ತಿಲ್ವಂತೆ."

"ನಿಮ್ಮ ಅಂಗಡಿಗೆ ನೀವೇ ಆಳಾ?"

"ಏಳಕ್ಕೆ ಎಬ್ಬಿಸು," ಎಂದು ಅವನು ಮಲಗಲು ಹೋದ.