ಯೇಸುವಿಗೆ ಪುರಾವೆ ಕೇಳಿ ಅಜ್ಜನ ಹತ್ತಿರ ಸಿಕ್ಕಿಬಿದ್ದೆ

ಯೇಸು ಎಂಬ ಮನುಷ್ಯ ನಿಜವಾಗಿ ಇದ್ದನೇ? ಇದ್ದರೆ ಪುರಾವೆ ಏನು?

ಈ ಪ್ರಶ್ನೆಯನ್ನು ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ. ಕೇಳುವುದು ಒಬ್ಬರನ್ನೇ, ಯೋಹಾನ ಸರ್ ಅವರನ್ನು. ಕೇಳುವ ಜಾಗವೂ ಒಂದೇ, ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿ. ಸಮಯ ಬೆಳಿಗ್ಗೆ ಏಳು, ವಾಕಿಂಗ್ ಮುಗಿದ ಮೇಲೆ. (ವಾಕಿಂಗ್ ಎಂದರೆ ಮನೆಯಿಂದ ಚಹಾದಂಗಡಿಯವರೆಗೆ.)

ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ದೇವರನ್ನು ನಂಬುವುದಿಲ್ಲ. ಯೋಹಾನ ಸರ್ ಗಣಿತ ಪಾಠ ಮಾಡಿ ನಿವೃತ್ತರಾದವರು. ಭಾನುವಾರದ ಪ್ರಾರ್ಥನೆ ತಪ್ಪಿಸುವುದಿಲ್ಲ. ಒಂದೇ ಸ್ಟಾಫ್ ರೂಮಿನಲ್ಲಿ ಇಪ್ಪತ್ತು ವರ್ಷ ಕುಳಿತವರು ನಾವು. ಆಗ ಮಾತಾಡಿದ್ದೆಲ್ಲ ವರ್ಗಾವಣೆ, ಪರೀಕ್ಷೆ, ಹೆಡ್‌ಮಾಸ್ತರರ ಸಿಟ್ಟು. ದೇವರಿಗೆ ಪುರುಸೊತ್ತು ಸಿಕ್ಕಿದ್ದು ನಿವೃತ್ತಿಯ ನಂತರ.

ನನ್ನ ವಾದ ನಿಮಗೆ ಗೊತ್ತಿರುವುದೇ. (ಈ ಅಂಕಣದಲ್ಲಿ ಎರಡು ಸಲ ಬರೆದು ಎರಡೂ ಸಲ ಬೈಸಿಕೊಂಡಿದ್ದೇನೆ.) ಬೈಬಲ್ಲಿನಲ್ಲಿ ಯೇಸುವಿನ ಚರಿತ್ರೆ ಹೇಳುವ ಸುವಾರ್ತೆಗಳು ನಾಲ್ಕು. ಬರೆದದ್ದು ಆತ ತೀರಿಹೋಗಿ ಮೂವತ್ತು ನಲವತ್ತು ವರ್ಷ ಕಳೆದ ಮೇಲೆ, ಕೆಲವು ಇನ್ನೂ ತಡವಾಗಿ. ಬರೆದವರು ಕಣ್ಣಾರೆ ಕಂಡಿದ್ದರೇ? ಯಾರಿಗೆ ಗೊತ್ತು? ಒಂದು ಸುವಾರ್ತೆ ಯೇಸುವಿನ ಅಜ್ಜನ ಹೆಸರು ಯಾಕೋಬ ಎನ್ನುತ್ತದೆ. ಇನ್ನೊಂದು ಹೇಲಿ ಎನ್ನುತ್ತದೆ.

"ಅಜ್ಜನ ಹೆಸರ ಗೊತ್ತಿಲ್ಲದಾವ್ರು ಮೊಮ್ಮಗನ ಚರಿತ್ರಾ ಬರದಾರಲ್ರಿ ಸರ್," ಎಂದು ನಾನು ನಗುತ್ತಿದ್ದೆ.

ಯೋಹಾನ ಸರ್ ಸಿಟ್ಟಾಗುವುದಿಲ್ಲ. ಅದೇ ನನಗೆ ಸಿಟ್ಟು. "ರೋಮಿನ ಇತಿಹಾಸಕಾರ ಬರದಾನ್ರಿ. ಅಂವೇನು ನಮ್ಮ ಸಭಾದಾಂವಲ್ಲ. ನಮ್ಮನ್ನ ಬೈಯೂ ಮುಂದ ಹೆಸರು ಹೇಳ್ಯಾನ."

"ಮಂದಿ ಅಂದದ್ದು ಕೇಳಿ ಬರದಾನ."

"ಯಹೂದಿ ಇತಿಹಾಸಕಾರನೂ ಬರದಾನ್ರಿ."

"ಅದ್ರಾಗ ಆಮ್ಯಾಲ ಯಾರೋ ಕೈ ಆಡಿಸ್ಯಾರ."

"ಎಲ್ಲಾ ಸೇರ್ಸಿದ್ದಲ್ರಿ ಸರ್. ಒಂದೀಟು ಸೇರ್ಸ್ಯಾರ."

"ಒಂದೀಟ ನೀರು ಸೇರ್ಸಿದ ಹಾಲು ಮನ್ಯಾಗ ತಗೋತೀರೇನ್ರಿ?"

ನಮ್ಮ ಬೆಂಚಿನ ಮೂರನೆಯವರು ಗೊಬ್ಬರದ ಅಂಗಡಿಯ ದಸ್ತಗೀರಸಾಬರು. ಅವರು ಎರಡೂ ಕಡೆ ನೋಡಿ, "ನಮ್ಮ ಕಿತಾಬನ್ಯಾಗೂ ಅದಾರ್ರಿ ಅವರು, ಈಸಾ ಅಂತೇವಿ. ಈಗ ಚಹಾ ಕುಡೀರಿ, ಆರಾಕತ್ತೇತಿ," ಎನ್ನುತ್ತಿದ್ದರು. ಅಲ್ಲಿಗೆ ಆ ದಿನದ ಗೋಷ್ಠಿ ಮುಗಿಯುತ್ತಿತ್ತು. ಹಾಲಿನ ಮಾತು ಹೇಳಿ ಗೆದ್ದೆ ಎಂದುಕೊಂಡು ನಾನು ಮನೆಗೆ ಬರುತ್ತಿದ್ದೆ.

ಇನ್ನು ಯೇಸು ನೀರಿನ ಮೇಲೆ ನಡೆದದ್ದು? ಅದನ್ನು ಮಾತಿಗೆ ತೆಗೆದುಕೊಳ್ಳಲೂ ನಾನು ಒಪ್ಪುತ್ತಿರಲಿಲ್ಲ. ಈಜು ಬಾರದವರು ಕಟ್ಟಿದ ಕಥೆ ಎಂದು ಕೈ ಬೀಸಿಬಿಡುತ್ತಿದ್ದೆ.

ಹೀಗೆ ಸುಖವಾಗಿ ನಡೆದಿತ್ತು.

ಅಷ್ಟರಲ್ಲಿ ಡೋಣಿ ಹೊಳೆಯ ದಂಡೆಯ ನಮ್ಮೂರಿನ ಶಾಲೆಗೆ ನೂರು ವರ್ಷ ತುಂಬಿತು. ಕಮಿಟಿ ಆಯಿತು. ಆ ಶಾಲೆಯಲ್ಲೇ ಕಲಿತ ದಸ್ತಗೀರಸಾಬರು ಅಧ್ಯಕ್ಷರು. ಯೋಹಾನ ಸರ್ ಕಾರ್ಯದರ್ಶಿ, ಏಕೆಂದರೆ ಅವರ ಮೊದಲ ನೌಕರಿ ಅಲ್ಲೇ, ಅಕ್ಷರವೂ ಚೆಂದ, ಊರಿನ ಯಾವ ಪಾರ್ಟಿಗೂ ಸೇರಿದವರಲ್ಲ. ನಾನು 'ಇತಿಹಾಸ ಸಲಹೆಗಾರ'. (ಹುದ್ದೆಯ ಹೆಸರು ನಾನೇ ಇಟ್ಟುಕೊಂಡದ್ದು.)

ಶಾಲೆ ಕಟ್ಟಲು ನೆರವಾದವರ ಹೆಸರನ್ನು ಕರಿ ಕಲ್ಲಿನ ಮೇಲೆ ಕೆತ್ತಿಸಿ ಬಾಗಿಲ ಪಕ್ಕ ನಿಲ್ಲಿಸುವುದೆಂದು ಠರಾವಾಯಿತು. ಸುದ್ದಿ ಹಬ್ಬಿದ್ದೇ ತಡ, ಅರ್ಜಿಗಳು ಬಂದವು. ಒಬ್ಬರ ಮುತ್ತಜ್ಜ ಕಲ್ಲು ಹೊತ್ತಿದ್ದ. ಒಬ್ಬರ ಅಜ್ಜಿ ಮಣ್ಣು ಕಲಿಸಿದ್ದಳು. ಇನ್ನೊಬ್ಬರ ಅಜ್ಜ ಗಂಟೆ ಕೊಟ್ಟಿದ್ದ. ಅರ್ಜಿಗಳನ್ನು ನಂಬಿದರೆ, ನಮ್ಮ ಎರಡು ಕೋಣೆಯ ಶಾಲೆ ಕಟ್ಟಲು ಗೋಳಗುಮ್ಮಟಕ್ಕೆ ದುಡಿದವರಿಗಿಂತ ಹೆಚ್ಚು ಮಂದಿ ಬೇಕಾಗಿತ್ತು.

ನಾನು ಎದ್ದು ನಿಂತೆ. "ದಾಖಲಿ ಇದ್ರ ಹೆಸರು. ಇಲ್ಲಾಂದ್ರ ಇಲ್ಲ. ಹೇಳಿಕಿ ಮಾತಿಗೆ ಕಲ್ಲಿನ ಮ್ಯಾಲ ಜಾಗ ಇಲ್ರಿ."

ಚಪ್ಪಾಳೆ ಬಿತ್ತು. ಯೋಹಾನ ಸರ್ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. (ಗಣಿತದವರು ಸ್ಟೆಪ್ ಬಿಡುವುದಿಲ್ಲ.) ಬಂದ ಅರ್ಜಿಗಳಲ್ಲಿ ಮುಕ್ಕಾಲು ಪಾಲು ಅಂದೇ ಬಿದ್ದುಹೋದವು. ಸಪ್ಪೆ ಮುಖ ಮಾಡಿಕೊಂಡು ಹೋದವರನ್ನು ನೋಡಿ ನನಗೆ ಕನಿಕರವೇನೂ ಬರಲಿಲ್ಲ, ಸುಳ್ಳು ಯಾಕೆ ಹೇಳಬೇಕು?

ಮನೆಯಲ್ಲಿ ನಮ್ಮ ಅತ್ತೆವ್ವ ಇದ್ದಾಳೆ. ನನ್ನ ಅಪ್ಪನ ತಂಗಿ. ಎಂಬತ್ತಾರರ ಮುದುಕಿ, ಕಣ್ಣು ಚುರುಕು, ಮಾತು ಅದಕ್ಕಿಂತ ಚುರುಕು. ಅಂದು ಊಟಕ್ಕೆ ಕುಳಿತಾಗ ಕೇಳಿದಳು, "ಅಪ್ಪನ ಹೆಸರು ಮ್ಯಾಲ ಹಾಕ್ತೀರೋ, ಕೆಳಗೋ?"

"ಯಾವ ಅಪ್ಪನ ಹೆಸರು?"

"ನನಗ ಎಷ್ಟ ಮಂದಿ ಅಪ್ಪಂದಿರು ಅದಾರೋ? ಆ ಸಾಲಿ ಹಚ್ಚಿಸಿದ್ದ ನಮ್ಮಪ್ಪ. ನಮ್ಮ ದನದ ಕೊಟ್ಟಿಗಿ ಬಿಡಿಸಿ ಕೊಟ್ಟಿದ್ದ. ನಾ ಹೋಗೂದ್ರೊಳಗ ಅಂವನ ಹೆಸರು ಆ ಕಲ್ಲಿನ ಮ್ಯಾಲ ಬರಬೇಕು."

ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟೆ. ಈ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಮನೆಯ ಮಾತು ಎಂದು ಮರೆತೂ ಬಿಟ್ಟಿದ್ದೆ.

ಮರುದಿನವೇ ಶಾಲೆಗೆ ಓಡಿದೆ. ಮೊದಲೆರಡು ವರ್ಷದ ರಿಜಿಸ್ಟರನ್ನು ಗೆದ್ದಲು ತಿಂದು ಮುಗಿಸಿತ್ತು. ಮೂರನೆಯ ವರ್ಷದ ಹೊತ್ತಿಗೆ ಶಾಲೆ ಸ್ವಂತ ಕಟ್ಟಡಕ್ಕೆ ಹೋಗಿತ್ತು. ಕೊಟ್ಟಿಗೆಯ ಸುದ್ದಿ ಎಲ್ಲೂ ಇಲ್ಲ. ಅಜ್ಜನ ಗುರುತಿಗೆ ನನ್ನ ಕೈಯಲ್ಲಿದ್ದದ್ದು ಹೊಲದ ಹಳೆಯ ಉತಾರ, ಅಂದರೆ ಪಹಣಿ, ಅದರಲ್ಲಿ 'ಸಾತಪ್ಪ' ಎಂಬ ಮೂರಕ್ಷರ. ದಾನಪತ್ರ? ಕೊಟ್ಟಿಗೆ ಬಿಟ್ಟುಕೊಟ್ಟವನು ರಸೀದಿ ಕೇಳುತ್ತಾನೆಯೇ? (ನೋಡಿ, ಆಗಲೇ ನನ್ನ ಭಾಷೆ ಬದಲಾಗಿತ್ತು.)

ದಾಖಲೆ ಇಲ್ಲ ಎಂದು ಅತ್ತೆವ್ವನಿಗೆ ಹೇಳಿದೆ. ಅವಳು ಬೈಯಲಿಲ್ಲ. ಮೂರು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ನಾಲ್ಕನೆಯ ದಿನ ಗೋಡೆಗೆ ಹೇಳುವಂತೆ ಹೇಳಿದಳು, "ಹೆಳವರ ಸಿದ್ದಪ್ಪನ್ನ ಕರಸ್ರಿ."

ನಮ್ಮ ಕಡೆಯವರಿಗೆ ಹೆಳವರನ್ನು ಹೇಳಬೇಕಿಲ್ಲ. ದೂರದ ಓದುಗರಿಗೆ ಹೇಳುತ್ತೇನೆ. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು ಓದಿ ಹೇಳಿ, ಕಾಳುಕಡಿ ಪಡೆದು ಹೋಗುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಸಿದ್ದಪ್ಪ ಬಂದದ್ದು ಮೋಟಾರ್ ಸೈಕಲ್ ಮೇಲೆ.

ಕೆಂಪು ಬಟ್ಟೆ ಬಿಚ್ಚಿ, ಪುಸ್ತಕ ತೆಗೆದು ರಾಗವಾಗಿ ಓದತೊಡಗಿದ. ಏಳು ತಲೆಮಾರು ದಾಟಿ ಅಜ್ಜನ ಹತ್ತಿರ ಬಂದಾಗ ನಾನು ಪೆನ್ನು ಹಿಡಿದೆ.

"ಬಸಲಿಂಗಪ್ಪ. ಡೋಣಿ ತುಂಬಿ ಬಂದಾಗ ನೀರ ಮ್ಯಾಲ ಕಂಬಳಿ ಹಾಸಿ, ಕಂಬಳಿ ಮ್ಯಾಲ ಕುಂತು ಆಚಿ ದಂಡಿಗೆ ಹೋಗಿ, ಮಾಸ್ತರನ್ನ ಕರಕೊಂಡು ಬಂದು, ದನದ ಕೊಟ್ಟಿಗಿ ಬಿಡಿಸಿ ಸಾಲಿ ಹಚ್ಚಿಸಿದಾತ."

ಅತ್ತೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಪೆನ್ನು ಕೆಳಗಿಟ್ಟೆ.

ನನ್ನ ಸ್ಥಿತಿ ನೋಡಿ. ಕೊಟ್ಟಿಗೆಗೆ ಇರುವುದು ಇದೊಂದೇ ಪುರಾವೆ. ಅದೇ ವಾಕ್ಯದಲ್ಲಿ ಕಂಬಳಿ. ಕಂಬಳಿಯ ಮೇಲೆ ಅಜ್ಜ. ಸಾಲದೆಂದು ಅಜ್ಜನ ಹೆಸರೇ ಬೇರೆ.

ಆದರೂ ಮುಂದಿನ ಕಮಿಟಿ ಮೀಟಿಂಗಿಗೆ ಪುಸ್ತಕದ ಫೋಟೊ ಹಿಡಿದುಕೊಂಡು ಹೋದೆ. ಪುರಾವೆ ಪರಿಶೀಲಿಸುವ ಕೆಲಸ ಕಾರ್ಯದರ್ಶಿಯದು. ಯೋಹಾನ ಸರ್ ಕನ್ನಡಕ ಒರೆಸಿಕೊಂಡರು. ತುಸು ಹೆಚ್ಚೇ ಹೊತ್ತು ಒರೆಸಿಕೊಂಡರು.

"ಇದನ್ನ ಯಾರು ಬರದದ್ರಿ ಸರ್?"

"ಸಿದ್ದಪ್ಪನ ಅಪ್ಪ."

"ಅವರು ಕಣ್ಣಾರೆ ಕಂಡಿದ್ರೇನ್ರಿ?"

"ಇಲ್ಲ. ಅವರ ಅಪ್ಪ ಹೇಳಿದ್ದು ಕೇಳಿ ಬರದಾರ."

"ನಿಮ್ಮ ಅಜ್ಜಾರು ತೀರಿಕೊಂಡ ಎಷ್ಟ ವರ್ಷಕ್ಕ?"

ನಾನು ಕೆಮ್ಮಿದೆ. "ಒಂದು ಮೂವತ್ತು ನಲವತ್ತು."

ದಸ್ತಗೀರಸಾಬರು ಕಿಟಕಿಯ ಹೊರಗೆ ನೋಡತೊಡಗಿದರು. ಅವರ ಹೆಗಲು ಅಲುಗುತ್ತಿತ್ತು.

"ಉತಾರದಾಗ ಸಾತಪ್ಪ ಅಂತ ಐತಿ. ಇಲ್ಲಿ ಬಸಲಿಂಗಪ್ಪ ಅಂತ ಐತಿ," ಎಂದರು ಯೋಹಾನ ಸರ್, ಪ್ರಮೇಯದ ಎರಡನೆಯ ಹಂತಕ್ಕೆ ಬಂದವರಂತೆ.

ನನಗೆ ರೇಗಿತು. "ಅಲ್ರಿ ಸರ್, ತೊಟ್ಟಿಲಾಗ ಇಟ್ಟ ಹೆಸರು ಒಂದು, ಮಂದಿ ಕರಿಯೂ ಹೆಸರು ಒಂದು. ನಮ್ಮ ಕಡೆ ಯಾರ ಮನ್ಯಾಗ ಎರಡ ಹೆಸರಿಲ್ಲ ಹೇಳ್ರಿ? ಹೆಸರು ಎರಡು ಇದ್ರ ಮನುಷ್ಯಾ ಸುಳ್ಳ ಆಗ್ತಾನೇನ್ರಿ?"

"ಆಗೂದಿಲ್ರಿ," ಎಂದರು ಅವರು ಮೆತ್ತಗೆ. "ಹನ್ನೊಂದ ವರ್ಷದಿಂದ ಅದನ್ನ ಹೇಳಾಕತ್ತೇನಿ."

ಮೀಟಿಂಗಿನಲ್ಲಿ ಯಾರೋ ನಕ್ಕರು. ಯಾಕೆ ನಗುತ್ತಿದ್ದಾರೆಂದು ಬೆಂಚಿನ ಮೂವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆದರೂ ಎಲ್ಲರೂ ನಕ್ಕರು.

ನಾನು ಬಿಡಲಿಲ್ಲ. ಇತಿಹಾಸ ಕಲಿಸಿದವನು, ಹಾದಿ ಗೊತ್ತಿದೆ. "ಕಂಬಳಿ ಬಿಡ್ರಿ. ಅದು ಅಭಿಮಾನಕ್ಕ ಸೇರ್ಸಿದ್ದು. ಹೊಳಿ ದಾಟಿ ಮಾಸ್ತರನ್ನ ಕರಕೊಂಡು ಬಂದಾನ, ಕೊಟ್ಟಿಗಿ ಕೊಟ್ಟಾನ, ಅಷ್ಟು ಇಟ್ಕೋರಿ. ಒಂದೀಟು ಸೇರ್ಸ್ಯಾರ ಅಂದ ಮಾತ್ರಕ್ಕ ಎಲ್ಲಾ ಚೆಲ್ಲಾಕ ಬರ್ತೈತೇನ್ರಿ?"

ಹೇಳಿದ ಮೇಲೆ ಹಾಲಿನ ಮಾತು ನೆನಪಾಯಿತು. ಯೋಹಾನ ಸರ್ ಅದನ್ನು ನೆನಪಿಸಲಿಲ್ಲ. ನನ್ನ ಮಾತನ್ನು ಹಾಗೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಅದಕ್ಕಿಂತ ಅವರು ನೆನಪಿಸಿದ್ದರೇ ಚೆನ್ನಾಗಿತ್ತು.

ನಾನು ಕುಳಿತುಬಿಟ್ಟೆ. ನಾಚಿಕೆಯಾಯಿತು. ಯೇಸುವಿನ ವಿಷಯಕ್ಕಲ್ಲ, ಅಲ್ಲಿ ನನ್ನ ಕೆಲವು ಪಾಯಿಂಟುಗಳು ಈಗಲೂ ಗಟ್ಟಿ ಇವೆ. ಅಂದು ಸಪ್ಪೆ ಮುಖ ಮಾಡಿಕೊಂಡು ಹೋದವರನ್ನು ನೆನೆದು ನಾಚಿಕೆಯಾಯಿತು. ಮಣ್ಣು ಕಲಿಸಿದ ಅಜ್ಜಿಗೆ ಯಾರು ರಿಜಿಸ್ಟರ್ ಇಟ್ಟಿದ್ದರು? ಅವಳ ಮೊಮ್ಮಗನಿಗೂ ಮನೆಯಲ್ಲಿ ಯಾರೋ ಮುಖ ತಿರುಗಿಸಿ ಕುಳಿತಿರಬಹುದಲ್ಲ?

ಎದ್ದು ನಿಂತು, ನನ್ನ ಠರಾವನ್ನು ನಾನೇ ವಾಪಸ್ ತೆಗೆದುಕೊಂಡೆ. ಯೋಹಾನ ಸರ್ ಅದಕ್ಕೂ ಸಹಿ ಹಾಕಿಸಿಕೊಂಡರು.

ದಾರಿ ತೋರಿಸಿದ್ದು ದಸ್ತಗೀರಸಾಬರು. "ಕಲ್ಲಿನ ಮ್ಯಾಲ ಎರಡ ಭಾಗ ಮಾಡ್ರಿ. ಒಂದಕ್ಕ 'ದಾಖಲೆಗಳಂತೆ' ಅಂತ ಬರೀರಿ. ಇನ್ನೊಂದಕ್ಕ 'ಹಿರಿಯರು ಹೇಳಿದಂತೆ' ಅಂತ ಬರೀರಿ. ಓದಾವ್ರು ಯಾವುದು ಬೇಕೋ ಅದನ್ನ ನಂಬಲಿ." ಇಷ್ಟು ವರ್ಷ ಇತಿಹಾಸ ಕಲಿಸಿದ ನನಗೆ ಇದು ಹೊಳೆದಿರಲಿಲ್ಲ. ಗೊಬ್ಬರ ಮಾರುವವರಿಗೆ ಹೊಳೆಯಿತು.

'ದಾಖಲೆಗಳಂತೆ' ಭಾಗದಲ್ಲಿ ಐದು ಹೆಸರು ಬಂದವು. 'ಹಿರಿಯರು ಹೇಳಿದಂತೆ' ಭಾಗಕ್ಕೆ ಕಲ್ಲು ಸಾಲದೆ ಅಕ್ಷರ ಸಣ್ಣದು ಮಾಡಿಸಬೇಕಾಯಿತು.

ಕಳೆದ ಭಾನುವಾರ ಅತ್ತೆವ್ವನನ್ನು ಕಾರಿನಲ್ಲಿ ಕರೆದುಕೊಂಡು ಹೋದೆವು. ಯೋಹಾನ ಸರ್ ಪ್ರಾರ್ಥನೆ ಮುಗಿಸಿ ಜೊತೆಗೆ ಬಂದರು. ಕಲ್ಲಿನ ಮುಂದೆ ನಿಂತ ಅತ್ತೆವ್ವ ಮೇಲಿನಿಂದ ಕೆಳಗೆ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಶಾಲೆಗೆ ಕೊಟ್ಟಿಗೆ ಬಿಟ್ಟುಕೊಟ್ಟ ಮನೆಯಿಂದ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. (ಇದಕ್ಕೆ ಮಾತ್ರ ಗಟ್ಟಿ ಪುರಾವೆ ಇದೆ. ಅತ್ತೆವ್ವನೇ ಪುರಾವೆ.)

"ಎಲ್ಲದಾನೋ ಅಪ್ಪ?"

ನಾನು ಬೆರಳಿಟ್ಟು ತೋರಿಸಿದೆ. "ಇಲ್ನೋಡು. ಸಾತಪ್ಪ ಉರ್ಫ ಬಸಲಿಂಗಪ್ಪ."

"ಕಂಬಳಿ?"

"ಕಂಬಳಿ ಬರಸಿಲ್ಲ ಅತ್ತೆವ್ವ."

"ಕಂಬಳಿ ಇಲ್ದ ಮಾಸ್ತರ ಹೆಂಗ ಬಂದ್ನೋ ಹೊಳಿ ದಾಟಿ? ಹಾರಿ ಬಂದ್ನೇನು?"

ಅವಳು ನನ್ನನ್ನು ದಿಟ್ಟಿಸಿ ನೋಡಿದಳು, ಮತ್ತೆ ಕಲ್ಲನ್ನು ನೋಡಿದಳು. ಅನುಮಾನ ಅವಳ ಮುಖದ ಮೇಲೆ ನಿಧಾನವಾಗಿ ಮೂಡಿದ್ದನ್ನು ನಾನು ಕಂಡೆ. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಯೋಹಾನ ಸರ್ ಕಡೆ ತಿರುಗಿದಳು.

"ಮಾಸ್ತರ, ನೀವ ಓದಿ ಹೇಳ್ರಿ. ಇಂವ ಯಾವುದನ್ನೂ ನಂಬಾಂವಲ್ಲ. ಕಂಬಳಿ ಬಿಟ್ಟಾಂವ ಹೆಸರ ಬರಸ್ಯಾನೋ ಇಲ್ಲೋ."

ಯೋಹಾನ ಸರ್ ಬಗ್ಗಿ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದರು. "ಅದಾರ್ರಿ ಅವ್ವಾರ. ಹೆಸರು ಸರಿಯಾಗಿ ಐತಿ."

ಅತ್ತೆವ್ವ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ನಾನು ತೋರಿಸಿದ ಹೆಸರನ್ನೇ ಅವರೂ ತೋರಿಸಿದ್ದು. ಹಾಗಾದರೆ ನನ್ನ ಸಾಕ್ಷಿಯಲ್ಲಿ ಕಡಿಮೆ ಬಿದ್ದದ್ದು ಏನು?